ಎಂಟು ಕುದುರೆಯ ಉಗಿ ಎಂಜಿನ್ನು ಮತ್ತು ನನ್ನ ಟ್ರ್ಯಾಕ್ಟರು

ಬಬ್ಬೂರಿನಲ್ಲಿ ನನ್ನಂಥ ಜಂಬದ ಕೋಳಿ ಇನ್ನೊಂದಿರಲಿಲ್ಲ. ಕಾರಣ, ಐವತ್ತು ಕುದುರೆ ಶಕ್ತಿಯ ನನ್ನ ಹೊಸ ಟ್ರ್ಯಾಕ್ಟರು. ಹಿರಿಯೂರಿನ ಒಂದು ಕಚೇರಿಯ ಹಿತ್ತಲಲ್ಲಿ ನಿಂತಿದ್ದ ಹಳೇ ಉಗಿ ಎಂಜಿನ್ನನ್ನು ಗುಜರಿ ಲಾರಿಯವರೆಗೆ ಎಳೆದುಕೊಡಲು ನನ್ನನ್ನೇ ಕರೆಸಿದರು. ಮಾರಿಕಣಿವೆಯ ಅಣೆಕಟ್ಟು ಕಟ್ಟುವಾಗ ಬಂಡಿಗಟ್ಟಲೆ ಕಲ್ಲು ಎಳೆದ ಯಂತ್ರ ಅದು ಎಂದು ಜನ ಹೇಳುತ್ತಿದ್ದರು. ಕಚೇರಿಯ ಸಾಹೇಬರು ನಂಬಿದ್ದು ಮಾತ್ರ ಅದಕ್ಕೆ ಬಡಿದಿದ್ದ ಹಿತ್ತಾಳೆ ತಗಡನ್ನು. ಅದರಲ್ಲಿ ಎಂಟು ಕುದುರೆ ಶಕ್ತಿ ಎಂದು ಕೆತ್ತಿತ್ತು.

"ಎಂಟಾ? ನಮ್ ತೋಟದ್ ಮೋಟ್ರೇ ಹತ್ ಕುದ್ರೆದೈತೆ," ಎಂದೆ. ಎಲ್ಲರೂ ನಕ್ಕರು. ನಗದಿದ್ದವರು ಫಿಟ್ಟರ್ ಚಾಚಾ ಒಬ್ಬರೇ. ಆ ಎಂಜಿನ್ನು ಓಡಿಸುತ್ತಿದ್ದವರು ಅವರ ಅಜ್ಜ. ಅದೇ ಕಚೇರಿಯಿಂದ ನಿವೃತ್ತರಾದ ಮೇಲೂ ಚಾಚಾ ದಿನಾ ಬಂದು ಅದಕ್ಕೆ ಎಣ್ಣೆ ಹಚ್ಚುತ್ತಿದ್ದರು.

"ಆ ಕಾಲದ್ ಲೆಕ್ಕಾನೇ ಬ್ಯಾರೆ ಸಾರ್. ಅವು ಹುರುಳಿ ತಿಂದ ಕುದ್ರೆ. ಒಂದ್ಸಲ ಈ ಟ್ರ್ಯಾಕ್ಟರ್ ಜೊತೆ ಜಗ್ಗಿಸಿ ನೋಡ್ರಿ. ಸೋತ್ರೆ ನಾನೇ ಲಾರಿಗೆ ಹತ್ತುಸ್ತೀನಿ," ಎಂದರು.

ಜಾಲಿ ಸೌದೆ ಉರಿದು ಉಗಿ ಏಳುವಷ್ಟರಲ್ಲಿ ನಾನು ಎರಡು ಸಲ ತಿಂಡಿ ತಿಂದೆ. ಎರಡನ್ನೂ ಬೆನ್ನಿಗೆ ಬೆನ್ನು ನಿಲ್ಲಿಸಿ ಸರಪಳಿ ಬಿಗಿದರು. ನನ್ನ ಟ್ರ್ಯಾಕ್ಟರು ಅರಚಿತು, ಹೊಗೆ ಕಾರಿತು, ನೆಲ ತೋಡಿತು. ಚಾಚಾ ಒಂದು ಹಿಡಿಯನ್ನು ಮೆಲ್ಲಗೆ ಸರಿಸಿದರು. ನಾನು ಮುಂದೆ ನೋಡುತ್ತಲೇ ಹಿಂದಕ್ಕೆ ಹೋದೆ.

"ಲೇ, ಬ್ರೇಕ್ ಹಾಕಲೇ!" ಎಂದು ಜನ ಕೂಗಿದರು. ಹಾಕಿಯೇ ಇದ್ದೆ.

ಗುಜರಿ ಲಾರಿ ಖಾಲಿ ಹೋಯಿತು. ಆದರೆ ಸಾಹೇಬರ ತಲೆಗೆ ಹೊಸ ಹುಳ ಹೊಕ್ಕಿತು. ಓಡುವ ಗಾಡಿಯೆಂದ ಮೇಲೆ ಎಫ್‌ಸಿ, ವಿಮೆ, ಹೊಗೆ ತಪಾಸಣೆಯ ಚೀಟಿ ಬೇಕಲ್ಲ? ಒಂದೂ ಇರಲಿಲ್ಲ. ಇನ್ನು ಮುಂದೆ ಬೆಂಕಿ ಹಾಕಕೂಡದು ಎಂದು ಬರೆದು ಸಹಿ ಹಾಕಿದರು. ಸೋತಿದ್ದರೆ ಗುಜರಿ, ಗೆದ್ದದ್ದಕ್ಕೆ ಸೆರೆ. ನನಗೇ ಮೈ ಉರಿಯಿತು.

ಆ ವರ್ಷದ ಆಯುಧಪೂಜೆಗೆ ಚಾಚಾ ಎಂಜಿನ್ನು ತೊಳೆದು, ಹಾರ ಹಾಕಿ, ಚಕ್ರಗಳ ಮುಂದೆ ನಿಂಬೆಹಣ್ಣಿಟ್ಟರು. ಕಚೇರಿಯ ಜೀಪುಗಳೆಲ್ಲ ತಮ್ಮ ತಮ್ಮ ಹಣ್ಣು ತುಳಿದು ಹೋದವು. ಇದರ ಹಣ್ಣು ಮಾತ್ರ ಹಾಗೇ ಉಳಿಯಿತು. ಪೂಜೆ ಅರ್ಧಕ್ಕೆ ನಿಲ್ಲಬಾರದಲ್ಲ.

"ನಿನ್ ಗಾಡಿ ತರ್ತೀಯೇನಪ್ಪ?" ಎಂದು ಚಾಚಾ ಫೋನ್ ಮಾಡಿದರು.

ಹೋದೆ. ಗೇರು ಬಿಡಿಸಿದ, ತಣ್ಣಗಿದ್ದ ಎಂಜಿನ್ನನ್ನು ನಾಲ್ಕಡಿ ಎಳೆದೆ. ನಿಂಬೆಹಣ್ಣು ಪಿಚಕ್ಕೆಂದಿತು.

"ಐವತ್ತು ಕುದ್ರೆ ಅಂದ್ರೆ ಸುಮ್ನೇನಾ!" ಎಂದು ಸಾಹೇಬರು ಚಪ್ಪಾಳೆ ತಟ್ಟಿ, ಎಂಜಿನ್ನಿನ ಹಾರ ತೆಗೆಸಿ ನನ್ನ ಟ್ರ್ಯಾಕ್ಟರಿಗೆ ಹಾಕಿಸಿದರು. ಚಾಚಾರ ಮುಖ ನೋಡಲಾರದೆ ನಾನು ಸೀಟಿನ ಮೇಲೆಯೇ ಕೂತಿದ್ದೆ. ಊರೆಲ್ಲ ನೋಡುವಾಗ ಹಿಂದಕ್ಕೆ ಹೋದ ದಿನವೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ.