ಚಂದ್ರಿಕೆ ಅಂಗಳದಲ್ಲೇ ಉಳಿದ ರಾತ್ರಿ

ಮರುಭೂಮಿಯ ಪಾಠ ಬಂದರೆ ಇವತ್ತಿಗೂ ನನಗೆ ನನ್ನ ಮೇಲೇ ಮೈ ಉರಿಯುತ್ತದೆ. ಹಗಲು ಕಾದ ಮರಳು, ಹೊತ್ತು ಮುಳುಗಿದ ಮೇಲೆ ಕಾವನ್ನೆಲ್ಲ ಬಿಟ್ಟುಬಿಡುತ್ತದೆ. ಗಾಳಿಯಲ್ಲಿ ಪಸೆಯಿಲ್ಲ, ಮೇಲೆ ಮೋಡವಿಲ್ಲ, ಆ ಕಾವನ್ನು ತಡೆದಿಡಲು ಏನೂ ಇಲ್ಲ. ಅದಕ್ಕೇ ಅಲ್ಲಿ ರಾತ್ರಿ ಅಷ್ಟು ಚಳಿ. ತಿಪ್ಪಸಂದ್ರದಲ್ಲಿ ಏಳನೇ ಕ್ಲಾಸಿನ ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಇದನ್ನು ಹೇಳಿದ್ದೆ. ಅದೇ ವಾರ ಮನೆಯಲ್ಲಿ ಎಡವಟ್ಟು ಮಾಡಿದೆ.

ಮದುವೆಯಾಗಿ ವರ್ಷ ತುಂಬಿರಲಿಲ್ಲ. ಹೊತ್ತುಹೊತ್ತಿಗೆ ಸೊಪ್ಪು ಹಾಕಿ, ನಿದ್ದೆಗೆಟ್ಟು ರೇಷ್ಮೆ ಹುಳು ಸಾಕಿದ್ದವರು ಅತ್ತೆ. ಹುಳು ಹಣ್ಣಾಗಿ ನೂಲು ಬಿಡುವ ಹೊತ್ತಿಗೆ ಮಗಳ ಹೆರಿಗೆಯೆಂದು ದೊಡ್ಡಮಳೂರಿಗೆ ಹೋಗಬೇಕಾಯಿತು. ಬೆಳೆಯನ್ನು ನನ್ನ ಕೈಗೆ ಒಪ್ಪಿಸಿ ಹೋದರು.

ನಾನೂ ಮಾವನೂ ಹುಳುಗಳನ್ನು ಗೂಡು ಕಟ್ಟಲು ಬಿದಿರು ಹೆಣೆದ ಚಂದ್ರಿಕೆ ತಟ್ಟಿಗಳಿಗೆ ಬಿಟ್ಟು ಅಂಗಳದ ಚಪ್ಪರದಡಿ ನಿಲ್ಲಿಸಿದೆವು. ಶಿವರಾತ್ರಿ ಇನ್ನೂ ಬಂದಿರಲಿಲ್ಲ, ಆದರೂ ಹಗಲೆಲ್ಲ ಸುಡುಬಿಸಿಲು. ದೀಪ ಹಚ್ಚುವ ಮುಂಚೆ ಎಲ್ಲವನ್ನೂ ಒಳಗಿಡುವುದು ಮನೆಯ ವಾಡಿಕೆ.

"ಒಳಿಕ್ಕೆ ಎತ್ತಿಡಾನ ಕಣವ್ವ. ಮೋಡ ಒಂದ್ಚೂರೂ ಇಲ್ಲ, ಥಂಡಿ ಆಯ್ತದೆ," ಎಂದರು ಮಾವ.

ನನಗೆ ಸೊಂಟ ಬಿದ್ದುಹೋಗಿತ್ತು. "ಅಂಗಳದ ಚಪ್ಪಡಿ ಇನ್ನೂ ಕಾವಲಿ ಹಂಗೆ ಸುಡ್ತಾ ಇದೆ ಮಾವ, ಬೆಳಗಿನ ತನಕ ಬೆಚ್ಚಗೇ ಇರುತ್ತೆ," ಎಂದೆ.

"ಓದಿರೋಳು ನೀನು. ನೀನೇಳಿದ್ಮೇಲೆ ಇರ್ಲಿ ಬುಡು."

ಓದಿದವಳಂತೆ! ಮರುಭೂಮಿ ಎಂದರೆ ರಾಜಸ್ಥಾನ, ನಮ್ಮಂಗಳಕ್ಕೂ ಅದಕ್ಕೂ ಏನು ಸಂಬಂಧ ಎಂದುಕೊಂಡಿದ್ದ ದಡ್ಡಿ ನಾನು. ಶಾಲೆಯ ಮೆಟ್ಟಿಲು ಹತ್ತದ ಮನುಷ್ಯ ಆಕಾಶ ನೋಡಿಯೇ ಹೇಳಿದ್ದರು.

ಬೆಳಿಗ್ಗೆ ಎದ್ದು ಮುಟ್ಟಿದರೆ ಚಪ್ಪಡಿ ತಣ್ಣಗೆ ಕೊರೆಯುತ್ತಿತ್ತು. ಅರ್ಧ ನೂಲು ಸುತ್ತಿದ ಹುಳುಗಳು ಸೆಟೆದು ನಿಂತಿದ್ದವು. ಮಾವ ಚಂದ್ರಿಕೆಗಳನ್ನು ಒಳಗಿಟ್ಟು ಕೆಂಡ ಹಾಕಿ ಏನೇನೋ ಮಾಡಿದರು. ಅಷ್ಟಾದರೂ ಮುಕ್ಕಾಲು ಪಾಲು ಗೂಡು ಜಾಳುಜಾಳಾಗಿಯೇ ಬಂತು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಅತ್ತೆ ಬಂದವರೇ ಒಂದು ಗೂಡನ್ನು ಬೆರಳಲ್ಲಿ ಅದುಮಿ ನೋಡಿದರು. "ಆಚೆ ಬುಟ್ಟೋರ್ಯಾರು?"

"ನಾನೇ ಕಣೆ," ಎಂದರು ಮಾವ. "ಮರ್ತೋಯ್ತು."

ವಾರವಿಡೀ ಅವರಿಗೆ ಬೈಗುಳ. ಉಣ್ಣುವಾಗಲೂ ಬಿಡಲಿಲ್ಲ. ಕ್ಲಾಸಿನಲ್ಲಿ ಮಕ್ಕಳೆದುರು ಅಷ್ಟು ಮಾತಾಡುವ ನಾನು ಮುದ್ದೆ ಬಡಿಸುತ್ತ ಪಕ್ಕದಲ್ಲೇ ನಿಂತಿದ್ದೆ. ಈಗ ಅತ್ತೆ ಮಾವ ಇಬ್ಬರೂ ಇಲ್ಲ. ಆಚೆ ಬಿಡಿಸಿದವಳು ನಾನು ಎಂದು ಅತ್ತೆಗೆ ಕೊನೆಯವರೆಗೂ ಹೇಳಲಿಲ್ಲ.