ಉಪ್ಪಿಲ್ಲದ ಸೋಮವಾರ

ಹಾವೇರಿಯ ಆಸ್ಪತ್ರೆಯೊಂದರ ಎದುರಿನ ನಮ್ಮ ಅಡುಗೆಮನೆ ಮೂರು ತಿಂಗಳೂ ನಡೆಯುವುದಿಲ್ಲ ಎಂದವರಿದ್ದರು. ಮಠದ ಓಣಿಯ ಹೆಂಗಸರು, ಮಸೀದಿ ಓಣಿಯ ಹೆಂಗಸರು ಒಂದೇ ಒಲೆಯ ಮುಂದೆ ಹೇಗೆ ನಿಂತಾರು ಎಂಬುದು ಅವರ ಚಿಂತೆ. ನಿಂತೆವು. ರೋಗಿಗಳ ಜೊತೆ ಬಂದವರಿಗೆ ಇವತ್ತಿಗೂ ಮಧ್ಯಾಹ್ನ ಅನ್ನ, ಸಾರು ಬಡಿಸುತ್ತೇವೆ.

ಅಡುಗೆ ತಪ್ಪಿದ್ದು ಒಂದೇ ಸಲ. ಅಂದು ನನಗೆ ಸೋಮವಾರದ ಉಪವಾಸ. ನನ್ನ ಜೊತೆ ಅಡುಗೆಗಿದ್ದ, ನಾನು ಆಪಾ ಎಂದು ಕರೆಯುವ ಮಸೀದಿ ಓಣಿಯ ಹಿರಿಯಕ್ಕನಿಗೆ ರೋಜಾದ ಉಪವಾಸ. ಸಾರಿಗೆ ಉಪ್ಪು ನಾನು ಹಾಕಿದ್ದೇನೆಂದು ಅವರು, ಅವರು ಹಾಕಿದ್ದಾರೆಂದು ನಾನು ನಂಬಿದ್ದೆವು. ಉಪವಾಸವಿದ್ದವರಿಗೆ ರುಚಿ ನೋಡಿ ಎನ್ನುವುದು ಹೇಗೆಂದು ಇಬ್ಬರೂ ಕೇಳದೆಯೇ ಸಾರು ಇಳಿಸಿದೆವು.

ಮೊದಲ ತಟ್ಟೆ ಹೋದದ್ದು ಮೊಮ್ಮಗಳ ಹೆರಿಗೆಗೆಂದು ಕರ್ಜಗಿಯಿಂದ ಬಂದಿದ್ದ ಅಜ್ಜಿಗೆ. ನೀವೂ ಉಣ್ಣಿರಿ ಎಂದವಳಿಗೆ ಇಬ್ಬರಿಗೂ ಉಪವಾಸ ಎಂದಿದ್ದೆ. ಒಂದು ತುತ್ತು ಉಂಡವಳೇ ತಟ್ಟೆ ತಂದು ನಮ್ಮೆದುರು ಇಟ್ಟಳು.

"ಉಪವಾಸ ನಿಮ್ದವ್ವಾ, ಹಸಿವಿ ನಮ್ದು. ಉಪ್ಪ ಹಾಕ್ರಿ."

ಆಪಾ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕರು. ನನಗೆ ಸಿಟ್ಟು ಬಂತು, ನನ್ನ ಮೇಲೆಯೇ. ಉಪ್ಪು ಹಾಕಿ, ತಿರುವಿ, ಸೌಟನ್ನು ಅಜ್ಜಿಯ ಕೈಗೇ ಕೊಟ್ಟೆ.

ಅಂದಿನಿಂದ ಯಾರಿಗೆ ಉಪವಾಸವಿರಲಿ, ಬಿಡಲಿ, ನಮ್ಮ ಸಾರಿನ ರುಚಿ ಮೊದಲು ನೋಡುವವರು ಹಸಿದು ಬಂದವರೇ.