ನೂರ ನಲವತ್ತೊಂದನೆಯ ಮನೆ

ಊರಂಚಿನ ಹಳ್ಳಕ್ಕೆ ಮೂರು ದಿಬ್ಬಗಳ ನೀರು ಇಳಿದು ಬರುತ್ತದೆ. ಬರಬೇಕಾದದ್ದು ಮಳೆನೀರು ಮಾತ್ರ. ಮನೆಗಳ ಹೊಲಸೂ ಬರುತ್ತಿತ್ತು. ಯಾವ ಮನೆಯದೆಂದು ಪತ್ತೆ ಹಚ್ಚುವುದೇ ಊರವರು ಬಣ್ಣದಕ್ಕ ಎಂದು ಕರೆಯುವವಳ ನೌಕರಿ. ಮನೆಮನೆಗೆ ಹೋಗಿ ಕಕ್ಕಸಿಗೆ ಒಂದು ಚಮಚ ಹಸಿರು ಪುಡಿ ಹಾಕಿ ನೀರು ಬಿಡುವಳು. ಕೆಳಗೆ ಹಳ್ಳದ ದಂಡೆಯಲ್ಲಿ ಅವಳ ಜೊತೆಗಾರ ಮಳೆನೀರಿನ ಪೈಪಿನ ಬಾಯಿ ನೋಡುತ್ತ ಕೂತಿರುವನು. ಹಸಿರು ಬಂದರೆ ಫೋನು, ಆ ಮನೆಗೆ ನೋಟಿಸು. ಬರದಿದ್ದರೆ ಮುಂದಿನ ಮನೆ.

ಪುರಸಭೆ ಕಚೇರಿಯ ಗಂಡಸರು ಮೂಗು ಮುರಿದು ಬಿಟ್ಟ ಈ ಕೆಲಸವನ್ನು ಅವಳು ಇಪ್ಪತ್ತೆರಡು ವರ್ಷ ಗತ್ತಿನಿಂದ ಮಾಡಿದಳು. ಮುಖಮುಲಾಜು ಅವಳ ಹತ್ತಿರ ನಡೆಯುತ್ತಿರಲಿಲ್ಲ. ಸ್ವಂತ ನಾದಿನಿಗೇ ನೋಟಿಸು ಕೊಟ್ಟಿದ್ದಳು. ನಾದಿನಿ ಎರಡು ವರ್ಷ ಮಾತು ಬಿಟ್ಟಿದ್ದಳು. ಕಾಫಿ ಕೊಟ್ಟು ಒಲಿಸಲು ನೋಡಿದವರ ಕಾಫಿ ಕುಡಿದು, ಲೋಟ ತೊಳೆದಿಟ್ಟು, ನೋಟಿಸು ಕೊಟ್ಟೇ ಬರುತ್ತಿದ್ದಳು.

ಆ ವರ್ಷ ಅವಳದೇ ಬೀದಿಯ ಸರದಿ. ಮೂರು ವಾರದಲ್ಲಿ ನೂರ ನಲವತ್ತು ಮನೆ ಮುಗಿದವು. ಪೈಪು ಗಬ್ಬು ನಾರುತ್ತಲೇ ಇತ್ತು, ಹಸಿರು ಮಾತ್ರ ಇಲ್ಲ. ಅಷ್ಟರಲ್ಲಿ ಹಳ್ಳದಲ್ಲಿ ಆಡಿದ ಇಬ್ಬರು ಮಕ್ಕಳು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದರು.

“ಯಾರೋ ಮಾನಗೆಟ್ಟವರು ರೀ, ಗೊತ್ತಿದ್ದೂ ಸುಮ್ನಿದ್ದಾರೆ,” ಎಂದು ದಿನಾ ಸಂಜೆ ಗಂಡನೆದುರು ಹಿಡಿಶಾಪ ಹಾಕುತ್ತಿದ್ದಳು. ಪ್ಲಂಬರ್ ಕೆಲಸ ಬಿಟ್ಟು ಮನೆಯಲ್ಲಿದ್ದ ಗಂಡ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಉಳಿದದ್ದು ಅವಳ ಮನೆಯೊಂದೇ. ಪಟ್ಟಿಯಲ್ಲಿ ಅದಕ್ಕೆ ಮೊದಲ ದಿನವೇ ‘ಸರಿ’ ಎಂದು ಬರೆದುಬಿಟ್ಟಿದ್ದಳು. ಪೈಪು ಹಾಕಿದವನು ಗಂಡನೇ, ಪರೀಕ್ಷೆ ಯಾಕೆ? ಬೇರೆಯವರು ಹಾಗಂದಿದ್ದರೆ ಅವಳು ಬಿಡುತ್ತಿದ್ದಳೇ?

ಶನಿವಾರ ಮಧ್ಯಾಹ್ನ ತನ್ನ ಮನೆಯಲ್ಲೇ ಪುಡಿ ಹಾಕಿ ನೀರು ಬಿಟ್ಟಳು. ಆರು ನಿಮಿಷಕ್ಕೆ ಜೊತೆಗಾರನ ಫೋನು.

“ಅಕ್ಕಾ, ಬಂತು. ಗಿಣಿಹಸಿರು. ಯಾರ ಮನೇದು?”

“ನಮ್ಮದೇ. ಬರ್ಕೋ.”

ಜೊತೆಗಾರ ದನಿ ತಗ್ಗಿಸಿದ. “ಸದ್ದಿಲ್ದೆ ರಿಪೇರಿ ಮಾಡಿಸ್ಬಿಡಿ ಅಕ್ಕ. ನಾನೇನೂ ನೋಡ್ಲಿಲ್ಲ.”

“ಬರ್ಕೋ ಅಂದ್ನಲ್ಲ.”

ಗಂಡ ಬಾಗಿಲಲ್ಲಿ ನಿಂತಿದ್ದ. “ಮನೆ ಕಟ್ಟೋವಾಗ ಒಳಚರಂಡಿ ತನಕ ಪೈಪು ಸಾಲ್ಲಿಲ್ಲ. ಮಳೆನೀರಿನ ಪೈಪು ಪಕ್ಕದಲ್ಲೇ ಇತ್ತು. ಸದ್ಯಕ್ಕಿರ್ಲಿ ಅಂತ ಅದಕ್ಕೇ ಸೇರಿಸ್ದೆ.”

“ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ಮರ್ತೇ ಹೋಗಿತ್ತು ಕಣೆ. ನೀನು ಬಯ್ಯೋಕೆ ಶುರು ಮಾಡಿದ್ಮೇಲೆ ನೆನಪಾಯ್ತು. ಆಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ.”

ಅವಳಿಗೆ ಅವನ ಮೇಲೆ ಕೆಂಡದಂಥ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ನೋಟಿಸು ಬರೆದು ಕೊಟ್ಟಳು. ಅವನು ಸಹಿ ಹಾಕಿದ. ಆಮೇಲೆ ಅವಳು ಚಪ್ಪಲಿ ಮೆಟ್ಟಿದಳು. ಆಸ್ಪತ್ರೆಯಿಂದ ವಾಪಸಾದ ಮಕ್ಕಳಲ್ಲಿ ಒಬ್ಬಳ ಮನೆ ಎರಡು ಬಾಗಿಲು ಆಚೆ ಇತ್ತು.

“ನಾನೂ ಬರ್ತೀನಿ. ಪೈಪು ಹಾಕಿದ್ದು ನಾನಲ್ವಾ?” ಎಂದ ಗಂಡ.

“ಬನ್ನಿ,” ಅಂದಳು. “ಆದ್ರೆ ಮೊದ್ಲು ನಾನು ಮಾತಾಡ್ತೀನಿ. ಮೊದಲ್ನೇ ದಿನಾನೇ ನಾನು ನಮ್ಮನೇನೂ ನೋಡಿದ್ದಿದ್ರೆ ಆ ಮಗು ಆಸ್ಪತ್ರೆ ಸೇರ್ತಿರ್ಲಿಲ್ಲ.”